ಒಂದೇ ಸಂದಿನಲ್ಲಿ ನೀರೂ ಎಣ್ಣೆಯೂ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಅಂತರ್ಜಲದ ಬಗ್ಗೆ ಬರೆದಾಗ ಡಾರ್ಸಿ ನಿಯಮದ (ಒತ್ತಡದ ಇಳಿಜಾರು ಎಷ್ಟೋ ಅದಕ್ಕೆ ತಕ್ಕ ಹಾಗೆ ಸಂದಿನಲ್ಲಿ ನೀರು ಹರಿಯುತ್ತೆ ಅನ್ನೋದು) ಮಾತು ಬಂದಿತ್ತು, ಅದನ್ನೇ ಹಿಡ್ಕೊಂಡು ತುಂಬಾ ಜನ ಬರೆದಿದ್ದೀರ. ಮಣ್ಣು, ಮರಳು, ಬಂಡೆ ಇವುಗಳ ಸಂದಿನಲ್ಲಿ ನೀರೊಂದೇ ಇಲ್ದೆ ಅದರ ಜೊತೆ ಗಾಳಿನೋ ಎಣ್ಣೆನೋ ಗ್ಯಾಸೋ ಇದ್ರೆ ಲೆಕ್ಕ ಹೇಗೆ ಅಂತ ಬೇರೆಬೇರೆ ಊರಿಂದ ಬೇರೆಬೇರೆ ಥರ ಕೇಳಿದ್ದೀರ. ಹಾಗಾಗಿ ಈ ಸಲದ ಜಾಗ ಪೂರ್ತಿ ಇದಕ್ಕೇ.

ನಾನು ಸಿವಿಲ್ ಮೂರನೇ ವರ್ಷ ಓದ್ತಿದ್ದೀನಿ ಸರ್. ನೀರಿಗೆ ಡಾರ್ಸಿ ನಿಯಮ ಗೊತ್ತು. ಎರಡು ದ್ರವ ಇದ್ರೆ ಅದೇ ಸಮೀಕರಣ ಎರಡು ಸಲ ಬರೆದು ಕೂಡಿಸಿದ್ರೆ ಆಗಲ್ವಾ? (ದಾವಣಗೆರೆಯ ವಿದ್ಯಾರ್ಥಿನಿ)

ಎರಡು ಸಲ ಬರೆಯೋದು ಸರಿನೇ ಕಣಮ್ಮ, ಎಲ್ಲರೂ ಮಾಡೋದು ಅದನ್ನೇ. ಆದ್ರೆ ಒಂದೊಂದಕ್ಕೂ ಒಂದು ಗುಣಕ ಸೇರಿಸ್ಬೇಕು, ಕಷ್ಟ ಎಲ್ಲಾ ಆ ಗುಣಕದಲ್ಲೇ ಇದೆ. ಹೆನ್ರಿ ಡಾರ್ಸಿ 1856ರಲ್ಲಿ ಫ್ರಾನ್ಸಿನ ದಿಜೋನ್ ಊರಿನ ನೀರು ಸರಬರಾಜಿನ ಬಗ್ಗೆ ಬರೆದಾಗ ಅವರ ಕೊಳವೇಲಿದ್ದ ಮರಳಿನ ಸಂದೆಲ್ಲಾ ನೀರಿಂದಲೇ ತುಂಬಿತ್ತು, ಅಲ್ಲಿ ಇನ್ನೊಬ್ಬರ ಕಾಟ ಇರ್ಲಿಲ್ಲ. 80 ವರ್ಷ ಆದ್ಮೇಲೆ, 1936ರಲ್ಲಿ, ಅಮೆರಿಕದಲ್ಲಿ ವೈಕಾಫ್ ಮತ್ತು ಬಾಟ್ಸೆಟ್ ಅನ್ನೋರು ಮರಳು ತುಂಬಿದ ಕೊಳವೇಲಿ ನೀರನ್ನೂ ಗ್ಯಾಸನ್ನೂ ಒಟ್ಟಿಗೆ ಹರಿಸಿ ಅಳೆದ್ರು, ಅದೇ ವರ್ಷ ಮಸ್ಕಟ್ ಮತ್ತು ಮೆರೆಸ್ ಅನ್ನೋರು ಅದಕ್ಕೆ ಸಮೀಕರಣ ಬರೆದ್ರು. ಅಳೆದಾಗ ಕಂಡಿದ್ದು ಏನಂದ್ರೆ, ಸಂದಿನಲ್ಲಿ ಅರ್ಧ ನೀರು ಅರ್ಧ ಗ್ಯಾಸ್ ಇದ್ರೆ ನೀರು ಅರ್ಧದಷ್ಟು ಸಲೀಸಾಗಿ ಹರಿಯಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಹರಿಯುತ್ತೆ. ಹೀಗೆ ಕಡಿಮೆ ಆಗೋದನ್ನ ಹೇಳೋ ಆ ಗುಣಕಕ್ಕೇ ರಿಲೇಟಿವ್ ಪರ್ಮಿಯಬಿಲಿಟಿ ಅನ್ನೋದು. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ನಾವು ಪಾಠದಲ್ಲಿ ಸ್ಯಾಚುರೇಶನ್‌ನ (ಸಂದಿನ ಜಾಗದಲ್ಲಿ ಆ ದ್ರವ ತುಂಬಿರೋ ಪಾಲಿನ) ವರ್ಗ ತಗೋತೀವಿ. ನೀರು 0.5 ಇದ್ರೆ ಅದರ ಗುಣಕ 0.25, ಎಣ್ಣೆ 0.5 ಇದ್ರೆ ಅದಕ್ಕೂ 0.25, ಕೂಡಿಸಿದ್ರೆ 0.5 ಅಷ್ಟೇ, 1 ಬರಲ್ಲ. ಬಾಕಿ ಅರ್ಧ ಎಲ್ಲಿ ಹೋಯ್ತು ಅಂದ್ರೆ ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರೋದ್ರಲ್ಲಿ ಹೋಯ್ತು.

ಯಾಕೆ ಹಾಗೆ ಅಂತ ನೋಡ್ಬೇಕಾದ್ರೆ ಒಂದು ಒಣ ಇಟ್ಟಿಗೆ ಸಾಕು. ಗಾರೆ ಕೆಲಸದವರು ಕಟ್ಟೋಕೆ ಮುಂಚೆ ಇಟ್ಟಿಗೇನ ತೊಟ್ಟಿಲಿ ನೆನೆಹಾಕ್ತಾರಲ್ಲ, ಆಗ ಗುಳುಗುಳು ಅಂತ ಗುಳ್ಳೆ ಬರುತ್ತೆ. ಮೊದಲು ಜೋರಾಗಿ, ಆಮೇಲೆ ಒಂದೊಂದೇ, ಆಮೇಲೆ ನಿಂತೇ ಹೋಗುತ್ತೆ, ಆದ್ರೆ ಒಳಗಿನ ಗಾಳಿ ಪೂರ್ತಿ ಬಂದಿರಲ್ಲ. ಇಟ್ಟಿಗೆ ನೀರನ್ನ ಇಷ್ಟಪಡುತ್ತೆ, ಅದಕ್ಕೇ ನೀರು ಸಣ್ಣ ಸಂದುಗಳಿಗೆ ಮೊದಲು ನುಗ್ಗಿ ಗೋಡೆ ಹಿಡ್ಕೊಂಡು ಹರಿಯುತ್ತೆ, ಗಾಳಿಗೆ ದೊಡ್ಡ ಸಂದಿನ ನಡುವಿನ ಜಾಗ ಮಾತ್ರ ಸಿಗುತ್ತೆ, ದೊಡ್ಡ ಸಂದಿಂದ ಇನ್ನೊಂದು ದೊಡ್ಡ ಸಂದಿಗೆ ಹೋಗೋ ಕಿರಿದಾದ ಕುತ್ತಿಗೇಲಿ ನೀರು ದಪ್ಪ ಆಗ್ತಾ ಆಗ್ತಾ ಗಾಳಿ ಎಳೆ ಕಟ್ ಆಗುತ್ತೆ, ಕಟ್ ಆದ ಗುಳ್ಳೆ ಅಲ್ಲೇ ಸಿಕ್ಕಿಹಾಕ್ಕೊಳುತ್ತೆ. ಗಾಳಿ ಬದಲು ಎಣ್ಣೆ ಇದ್ರೂ ಇದೇ ಕಥೆ. ನೆಲದೊಳಗೆ ಎಷ್ಟೇ ನೀರು ತಳ್ಳಿದ್ರೂ ಒಂದಷ್ಟು ಎಣ್ಣೆ ಬರೋದೇ ಇಲ್ಲ ಅನ್ನೋದು ಇದಕ್ಕೇ.

ಇನ್ನೊಂದು ವಿಷಯ, ನೀರಿನ ಒತ್ತಡ ಎಣ್ಣೆ ಒತ್ತಡ ಒಂದೇ ಅಲ್ಲ. ಎರಡರ ನಡುವಿನ ಬಾಗಿದ ಮೈ ಇದ್ಯಲ್ಲ, ಅದರ ಎಳೆತದಿಂದ ಬರೋ ವ್ಯತ್ಯಾಸಾನೇ ಕ್ಯಾಪಿಲರಿ ಪ್ರೆಶರ್. ಹಾಗಾಗಿ ನಿಮ್ಮ ಹತ್ರ ಎರಡು ಡಾರ್ಸಿ, ಎರಡು ದ್ರವ್ಯರಾಶಿ ಸಮತೋಲನ, ಎರಡು ಸ್ಯಾಚುರೇಶನ್ ಕೂಡಿದ್ರೆ 1 ಅನ್ನೋ ಷರತ್ತು, ಮತ್ತೆ ಕ್ಯಾಪಿಲರಿ ಪ್ರೆಶರ್ ಸಂಬಂಧ, ಇಷ್ಟು ಇರುತ್ತೆ. ಬರೆಯೋಕೆ ಅರ್ಧ ಪೇಜು. ಆದ್ರೆ ಆ ಗುಣಕದ ಗೆರೆಗಳು ಯಾವ ತತ್ವದಿಂದಲೂ ತಾನಾಗೇ ಬರಲ್ಲ, ಬಂಡೆಯ ತುಂಡು ತಂದು ಲ್ಯಾಬಲ್ಲಿ ಅಳೀಬೇಕು, ಅದೂ ಒಣಗ್ತಾ ಹೋಗೋವಾಗ ಒಂದು ಗೆರೆ, ನೆನೀತಾ ಹೋಗೋವಾಗ ಇನ್ನೊಂದು. ನನ್ನ ಪ್ರಕಾರ ಈ ವಿಷಯದಲ್ಲಿ ಅತಿ ಹೆಚ್ಚು ನಿಗಾ ಕೊಡಬೇಕಾದ ಜಾಗ ಇದೇ, ಆದ್ರೆ ನಮ್ಮ ಕ್ಲಾಸುಗಳಲ್ಲಿ ಅತಿ ಕಡಿಮೆ ಹೊತ್ತು ಸಿಗೋದೂ ಇದಕ್ಕೇ.

ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ, ಆಸಕ್ತಿಗೆ ಪೈಥಾನ್‌ನಲ್ಲಿ ಒಂದು ಆಯಾಮದ ಕೋಡ್ ಬರೆದೆ. ಎಡಗಡೆಯಿಂದ ನೀರು ಹಾಕ್ತೀನಿ, ಎಣ್ಣೆ ಬಲಗಡೆ ಬರ್ಬೇಕು. ಮೊದಲು ನೀರು ಒಂದನೇ ಸೆಲ್ (ಲೆಕ್ಕಕ್ಕೆ ಉದ್ದಾನ ಕತ್ತರಿಸಿ ಮಾಡಿದ ತುಂಡು) ಬಿಟ್ಟು ಕದಲಲೇ ಇಲ್ಲ, ಏನೋ ಬದಲಾಯಿಸಿದ ಮೇಲೆ ಸ್ಯಾಚುರೇಶನ್ 1.3 ಅಂತ ತೋರಿಸ್ತಿದೆ. ಎಲ್ಲಿ ತಪ್ಪು? (ಬೆಂಗಳೂರು)

ನಿಮ್ಮ ಕೋಡ್ ನಾನು ನೋಡಿಲ್ಲ ಆದ್ರೂ ಈ ಎರಡು ಲಕ್ಷಣ ಕೇಳಿದ್ರೆ ಎರಡು ಜಾಗ ಹುಡುಕಿ ಅಂತ ಧೈರ್ಯವಾಗಿ ಹೇಳ್ಬಹುದು.

ಕದಲದೇ ಇದ್ದಿದ್ದು ಯಾಕಂದ್ರೆ, ಎರಡು ಸೆಲ್ ನಡುವಿನ ಗೋಡೇಲಿ ಯಾವ ಗುಣಕ ಹಾಕ್ಬೇಕು ಅನ್ನೋ ಪ್ರಶ್ನೆಗೆ ನೀವು ಹಾರ್ಮೋನಿಕ್ ಸರಾಸರಿ (ಎರಡು ಅಂಕಿಯ ಗುಣಲಬ್ಧದ ಎರಡರಷ್ಟನ್ನ ಅವುಗಳ ಮೊತ್ತದಿಂದ ಭಾಗಿಸೋದು) ತಗೊಂಡಿರ್ತೀರ. ಬಂಡೆಯ ಸ್ವಂತ ಪರ್ಮಿಯಬಿಲಿಟಿಗೆ, ಅಂದ್ರೆ ಬಂಡೆ ಎಷ್ಟು ಸಲೀಸಾಗಿ ಹರಿಯೋಕೆ ಬಿಡುತ್ತೆ ಅನ್ನೋದಕ್ಕೆ, ಹಾರ್ಮೋನಿಕ್ಕೇ ಸರಿ, ಎಲ್ಲಾ ಪುಸ್ತಕದಲ್ಲೂ ಹಾಗೇ ಇರೋದು. ಆದ್ರೆ ರಿಲೇಟಿವ್ ಪರ್ಮಿಯಬಿಲಿಟಿಗೆ ಅದನ್ನೇ ಹಾಕಿದ್ರೆ, ಮುಂದಿನ ಸೆಲ್‌ನಲ್ಲಿ ನೀರೇ ಇಲ್ಲ, ಅಲ್ಲಿ ನೀರಿನ ಗುಣಕ ಸೊನ್ನೆ, ಸೊನ್ನೆ ಜೊತೆ ಹಾರ್ಮೋನಿಕ್ ಸರಾಸರಿ ಅಂದ್ರೆ ಸೊನ್ನೆನೇ, ಸೊನ್ನೆ ಅಂದ್ಮೇಲೆ ನೀರು ಹೋಗಲ್ಲ, ಹೋಗದಿದ್ರೆ ಮುಂದಿನ ಸೆಲ್ ಯಾವತ್ತೂ ಒದ್ದೆ ಆಗಲ್ಲ. ಮಾಮೂಲಿ ಸರಾಸರಿ ಹಾಕಿದ್ರೆ ಕದಲುತ್ತೆ, ಆದ್ರೆ ಸೆಲ್ ಎಷ್ಟು ಸಣ್ಣ ಮಾಡಿದ್ರೂ ತಪ್ಪು ಉತ್ತರದ ಕಡೆಗೇ ಹೋಗಿ ನಿಲ್ಲಬಹುದು, ಅದು ಇನ್ನೂ ಅಪಾಯ, ಯಾಕಂದ್ರೆ ನೋಡೋಕೆ ಚೆನ್ನಾಗೇ ಇರುತ್ತೆ. ಇದಕ್ಕೆ ಮದ್ದು ಅಪ್‌ವಿಂಡ್, ಅಂದ್ರೆ ಹರಿವು ಯಾವ ಕಡೆಯಿಂದ ಬರ್ತಿದ್ಯೋ ಆ ಸೆಲ್‌ನ ಗುಣಕಾನೇ ಗೋಡೆಗೆ ಹಾಕೋದು. ನೀರು ಎಣ್ಣೆ ಎರಡಕ್ಕೂ ಬೇರೆಬೇರೆಯಾಗಿ ದಿಕ್ಕು ನೋಡಿ, ಗುರುತ್ವ ಸೇರಿಸಿದಾಗ ಒಂದು ಮೇಲಕ್ಕೆ ಒಂದು ಕೆಳಕ್ಕೆ ಹೋಗಬಹುದು.

ಆ 1.3 ಬಂದಿದ್ದು ಟೈಮ್ ಸ್ಟೆಪ್ (ಲೆಕ್ಕ ಒಂದು ಸಲಕ್ಕೆ ಮುಂದಿಡೋ ಕಾಲದ ಹೆಜ್ಜೆ) ದೊಡ್ಡದಾಗಿ. ಒತ್ತಡಾನ ಇಂಪ್ಲಿಸಿಟ್ ಆಗಿ (ಹೆಜ್ಜೆಯ ಕೊನೆಯ ಬೆಲೆಗಳನ್ನ ಎಲ್ಲಾ ಸೆಲ್ಲಿಗೂ ಒಟ್ಟಿಗೆ), ಸ್ಯಾಚುರೇಶನ್ನ ಎಕ್ಸ್‌ಪ್ಲಿಸಿಟ್ ಆಗಿ (ಹಿಂದಿನ ಹೆಜ್ಜೆಯ ಬೆಲೆಗಳಿಂದ ನೇರವಾಗಿ) ಬಿಡಿಸೋ ಇಂಪೆಸ್ ವಿಧಾನ ಬಳಸ್ತಿದ್ದೀರ ಅನ್ಸುತ್ತೆ, ಅದರಲ್ಲಿ ಒಂದು ಹೆಜ್ಜೇಲಿ ನೀರು ಒಂದು ಸೆಲ್ ದಾಟಿ ಹೋಗ್ಬಾರದು. ಲೆಕ್ಕ ಹಾಕಿ ನೋಡೋಣ: ಸೆಲ್ 10 ಮೀಟರ್, ಪೊರಾಸಿಟಿ (ಒಟ್ಟು ಗಾತ್ರದಲ್ಲಿ ಸಂದಿನ ಪಾಲು) 0.2, ಡಾರ್ಸಿ ವೇಗ ದಿನಕ್ಕೆ 0.1 ಮೀಟರ್, ವರ್ಗದ ಗುಣಕ, ಎರಡೂ ದ್ರವದ ಸ್ನಿಗ್ಧತೆ (ಮಂದತನ) ಒಂದೇ ಅಂತಿಟ್ಕೊಳ್ಳಿ. ಆಗ ಫ್ರಾಕ್ಷನಲ್ ಫ್ಲೋ (ಒಟ್ಟು ಹರಿವಿನಲ್ಲಿ ನೀರಿನ ಪಾಲು) ಗೆರೆಯ ಅತಿ ಹೆಚ್ಚು ಇಳಿಜಾರು 2. ಹತ್ತನ್ನ 0.2ರಿಂದ ಗುಣಿಸಿ, 0.1 ಮತ್ತು 2ರ ಗುಣಲಬ್ಧದಿಂದ ಭಾಗಿಸಿದ್ರೆ 10 ದಿನ. ಹೆಜ್ಜೆ ಅದಕ್ಕಿಂತ ಉದ್ದ ಇದ್ರೆ ಲೆಕ್ಕ ಕುಣಿಯೋಕೆ ಶುರು ಮಾಡುತ್ತೆ. ನಿಜವಾದ ತೈಲಕ್ಷೇತ್ರದ ಮಾಡೆಲಲ್ಲಿ ಬಾವಿ ಹತ್ರ ವೇಗ ಜಾಸ್ತಿ, ಸೆಲ್ ಸಣ್ಣದು, ಹಾಗಾಗಿ 10 ದಿನ ಹೋಗಿ ಗಂಟೆಗಳಿಗೆ ಇಳಿಯುತ್ತೆ, ಅದಕ್ಕೇ ಅವರೆಲ್ಲಾ ಪೂರ್ತಿ ಇಂಪ್ಲಿಸಿಟ್ ಕಡೆ ಹೋಗೋದು.

ಸರಿ ಮಾಡಿದ ಮೇಲೆ ಕೋಡ್ ಸರಿ ಇದೆ ಅಂತ ಹೇಗೆ ಗೊತ್ತಾಗ್ಬೇಕು? ಅದಕ್ಕೆ ಬಕ್ಲಿ ಮತ್ತು ಲೆವೆರೆಟ್ 1942ರಲ್ಲಿ ಕೊಟ್ಟ ಉತ್ತರ ಇದೆ, ಕ್ಯಾಪಿಲರಿ ಪ್ರೆಶರ್ ಬಿಟ್ಟರೆ ಒಂದು ಆಯಾಮದಲ್ಲಿ ಕೈಲೇ ಬಿಡಿಸ್ಬಹುದು. ಅದರಲ್ಲಿ ವಿಚಿತ್ರ ಅಂದ್ರೆ, ಪ್ರತಿ ಸ್ಯಾಚುರೇಶನ್ನಿನ ವೇಗ ಸುಮ್ನೆ ಹಾಕ್ತಾ ಹೋದ್ರೆ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಮೂರು ಸ್ಯಾಚುರೇಶನ್ ಬರುತ್ತೆ, ಅದು ಆಗೋ ಮಾತಲ್ಲ, ಹಾಗಾಗಿ ನಡುವೆ ಒಂದು ಗೋಡೆ ಥರದ ಜಿಗಿತ ಇಡಬೇಕು, ಒಳಗೆ ಹೋದ ನೀರೂ ಲೆಕ್ಕದ ನೀರೂ ತಾಳೆ ಆಗೋ ಹಾಗೆ. ಆ ಜಿಗಿತ ಎಲ್ಲಿ ಅಂತ ಸ್ಪರ್ಶಕ ಎಳೆದು ಕಂಡುಹಿಡಿಯೋ ದಾರಿ 1952ರಲ್ಲಿ ವೆಲ್ಜ್ ತೋರಿಸಿದ್ರು. ವರ್ಗದ ಗುಣಕಕ್ಕೆ, ಮೊದಲು ನೀರು ಸೊನ್ನೆ ಇದ್ರೆ, ಉತ್ತರ ತುಂಬಾ ಚೆಂದ ಬರುತ್ತೆ: ಎಣ್ಣೆಯ ಸ್ನಿಗ್ಧತೆ ನೀರಿಗಿಂತ ಎಷ್ಟು ಪಟ್ಟೋ ಅದಕ್ಕೆ 1 ಕೂಡಿಸಿ, ವರ್ಗಮೂಲ ತಗೊಂಡು, 1ನ್ನ ಅದರಿಂದ ಭಾಗಿಸಿ, ಅದೇ ಮುಂಚೂಣಿಯ, ಅಂದ್ರೆ ಆ ಜಿಗಿತದ, ಸ್ಯಾಚುರೇಶನ್. ಸ್ನಿಗ್ಧತೆ ಒಂದೇ ಇದ್ರೆ 0.707, 5 ಪಟ್ಟಾದ್ರೆ 0.408, 10 ಪಟ್ಟಾದ್ರೆ 0.30. ನೀರು ಬಲಗಡೆಯ ತುದಿ ಮುಟ್ಟೋ ಹೊತ್ತಿಗೆ ಒಟ್ಟು ಸಂದಿನ ಜಾಗದ ಎಷ್ಟು ಭಾಗ ಎಣ್ಣೆ ಹೊರಗೆ ಬಂದಿರುತ್ತೆ ಅಂದ್ರೆ ಕ್ರಮವಾಗಿ 83, 58, 46 ಶೇಕಡ. ನಿಮ್ಮ ಕೋಡ್ 100 ಸೆಲ್‌ನಲ್ಲಿ ಓಡಿಸಿ, ಮುಂಚೂಣಿ ಸ್ವಲ್ಪ ಮಬ್ಬಾಗಿ ಕಾಣುತ್ತೆ, ಅಪ್‌ವಿಂಡ್‌ಗೆ ಆ ಗುಣ ಇದ್ದದ್ದೇ, 200 ಮಾಡಿ, 400 ಮಾಡಿ, ಈ ಅಂಕಿಗಳ ಹತ್ರ ಬರ್ತಾ ಹೋಗ್ಬೇಕು. ಬರ್ದಿದ್ರೆ ಕ್ಯಾಪಿಲರಿ, ಎರಡನೇ ಆಯಾಮ ಯಾವುದನ್ನೂ ಸೇರಿಸ್ಬೇಡಿ, ಮೊದಲು ಇದನ್ನ ಸರಿ ಮಾಡಿ.

ಮನೆ ಮೇಲೆ ಕುಂಡದಲ್ಲಿ ಗಿಡ ಇಟ್ಟಿದ್ದೀನಿ. ನೀರು ಚೆನ್ನಾಗಿ ಬಸಿಯಲಿ ಅಂತ ತಳದಲ್ಲಿ ಜಲ್ಲಿ ಹಾಕಿ ಅಂತಾರೆ, ಹಾಕಿದೆ, ಆದ್ರೂ ಬೇರು ಕೊಳೀತಿದೆ ಯಾಕೆ? (ಮೈಸೂರು)

ಮೇಡಂ, ಜಲ್ಲಿ ಹಾಕಿದ್ರಿಂದ ಬಸಿಯೋದು ಜಾಸ್ತಿ ಆಗಲ್ಲ. ಇಲ್ಲೂ ಎರಡು ಹರಿವೇ ಇರೋದು, ನೀರು ಮತ್ತು ಗಾಳಿ. ಮಣ್ಣಿನ ಸಂದು ಸಣ್ಣದು, ಅದು ನೀರನ್ನ ಬಿಗಿಯಾಗಿ ಹಿಡ್ಕೊಂಡಿರುತ್ತೆ. ಸಂದಿನ ತ್ರಿಜ್ಯ 0.1 ಮಿಲಿಮೀಟರ್ ಇದ್ರೆ ಸುಮಾರು 15 ಸೆಂಟಿಮೀಟರ್ ಎತ್ತರದ ನೀರನ್ನ ಎತ್ತಿ ಹಿಡಿಯೋ ಶಕ್ತಿ ಅದಕ್ಕಿದೆ, ಜಲ್ಲಿ ಕಲ್ಲುಗಳ ನಡುವಿನ 2 ಮಿಲಿಮೀಟರ್ ಸಂದಿಗೆ 1 ಸೆಂಟಿಮೀಟರ್ ಕೂಡ ಇಲ್ಲ. ಹಾಗಿದ್ಮೇಲೆ ಬಿಗಿಯಾಗಿ ಹಿಡ್ಕೊಂಡಿರೋ ಜಾಗದಿಂದ ಹಿಡಿತಾನೇ ಇಲ್ಲದ ಜಾಗಕ್ಕೆ ನೀರು ಯಾಕೆ ಹೋಗ್ಬೇಕು? ಮಣ್ಣಿನ ತಳ ಪೂರ್ತಿ ನೆಂದು ತೊಟ್ಟಿಕ್ಕೋ ಸ್ಥಿತಿಗೆ ಬರೋ ತನಕ ಜಲ್ಲಿಗೆ ಒಂದು ಹನಿ ಇಳಿಯಲ್ಲ. ಮೊದಲು ಕುಂಡದ ತಳದಲ್ಲಿ ಇರ್ತಿದ್ದ ಕೆಸರಿನ ಪದರ ಈಗ ಜಲ್ಲಿ ಮೇಲೆ ಬಂದು ಕೂತಿದೆ, ಅಂದ್ರೆ ಬೇರಿಗೆ ಇನ್ನೂ ಹತ್ರ. ಕಸದ ಗುಡ್ಡ ಮುಚ್ಚೋವಾಗ ಮಳೆ ನೀರು ಒಳಗೆ ಇಳೀದೆ ಇರಲಿ ಅಂತ ಎಂಜಿನಿಯರುಗಳು ಬೇಕಂತಲೇ ಒರಟು ಪದರದ ಮೇಲೆ ನುಣುಪು ಮಣ್ಣಿನ ಪದರ ಹಾಕೋದೂ ಇದೇ ಗುಣ ನಂಬಿ. ಜಲ್ಲಿ ತೆಗೀರಿ, ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು, ಮಣ್ಣಿಗೇ ಸ್ವಲ್ಪ ದಪ್ಪ ಮರಳು ಬೆರೆಸಿ, ಸಾಧ್ಯ ಆದ್ರೆ ಎತ್ತರದ ಕುಂಡ ತಗೊಳ್ಳಿ.

ನಮ್ದು ಎರಿ ಹೊಲ ಐತ್ರಿ. ಡ್ರಿಪ್ ಹಾಕೀನಿ. ಕೆಮ್ಮಣ್ಣಿನ್ಯಾಗ ನೀರು ಕೆಳಗ ಇಳೀತೈತಿ, ನಮ್ಮಲ್ಲಿ ಅಗಲಕ್ಕ ಹರಡ್ತೈತಿ. ಬ್ಯಾಸಗ್ಯಾಗ ಬಿರುಕು ಬಿಟ್ಟಾಗ ಮಾತ್ರ ಎಲ್ಲಿ ಹೋಗ್ತೈತೋ ತಿಳೀವಲ್ದು. (ವಿಜಯಪುರ ಜಿಲ್ಲೆ)

ಅಣ್ಣಾರ, ನೀವು ನೋಡಿದ್ದು ನೂರಕ್ಕೆ ನೂರು ಸರಿ ಇದೆ. ಎರೆಮಣ್ಣಿನ ಸಂದು ಅತಿ ಸಣ್ಣದು, ಅಲ್ಲಿ ಹೀರೋ ಬಲ ಗುರುತ್ವಕ್ಕಿಂತ ಜೋರು, ಹೀರೋ ಬಲಕ್ಕೆ ಮೇಲೆ ಕೆಳಗೆ ಪಕ್ಕ ಅಂತ ಭೇದ ಇಲ್ಲ, ಅದಕ್ಕೇ ಅಗಲಕ್ಕೆ ಹರಡುತ್ತೆ. ಮರಳು ಬೆರೆತ ಕೆಮ್ಮಣ್ಣಲ್ಲಿ ಗುರುತ್ವ ಗೆಲ್ಲುತ್ತೆ. ಹಾಗಾಗಿ ನಿಮ್ಮಲ್ಲಿ ಡ್ರಿಪ್ಪರ್ ನಡುವೆ ಅಂತರ ಜಾಸ್ತಿ ಇದ್ರೂ ನಡೆಯುತ್ತೆ, ಆದ್ರೆ ಹನಿ ನಿಧಾನಕ್ಕೆ ಬೀಳಬೇಕು, ಜೋರಾದ್ರೆ ಮೇಲೇ ನಿಲ್ಲುತ್ತೆ. ಇದನ್ನ ಲೆಕ್ಕ ಹಾಕೋದು 1931ರ ರಿಚರ್ಡ್ಸ್ ಸಮೀಕರಣದಿಂದ, ಅದು ಎರಡು ಹರಿವಿನ ಮಾಡೆಲ್ಲಿಂದಲೇ ಬಂದ ಹಾಗೆ, ಗಾಳಿ ಯಾವ ತಡೆನೂ ಇಲ್ದೆ ಹೊರಗೆ ಹೋಗುತ್ತೆ ಅಂತ ಅಂದ್ಕೊಂಡು ನೀರನ್ನ ಮಾತ್ರ ಬಿಡಿಸೋದು.

ಬಿರುಕು ಬಿಟ್ಟಾಗ ಆ ಸಮೀಕರಣ ಕೈಕೊಡುತ್ತೆ, ಇದನ್ನ ನೇರವಾಗಿ ಹೇಳಲೇಬೇಕು. ಅದು ಮಣ್ಣು ಎಲ್ಲಾ ಕಡೆ ಒಂದೇ ಥರದ ಸಣ್ಣ ಸಂದು ಅಂತ ಭಾವಿಸಿರುತ್ತೆ, ನಿಮ್ಮ ಹೊಲದಲ್ಲಿ ಕೈ ಹೋಗೋವಷ್ಟು ಬಿರುಕು ಇರುತ್ತೆ, ನೀರು ಅದರೊಳಗೆ ಸೀದಾ ಆಳಕ್ಕೆ ಹೋಗಿ ಬೇರಿನ ಪಕ್ಕದ ಮಣ್ಣು ಒಣಗೇ ಉಳಿಯುತ್ತೆ. ಬಿರುಕು ಬೇರೆ ಮಣ್ಣು ಬೇರೆ ಅಂತ ಎರಡು ಜಾಲ ಮಾಡಿ ಲೆಕ್ಕ ಹಾಕೋ ಮಾಡೆಲ್ ಇವೆ, ಆದ್ರೆ ಹೊಲದಲ್ಲಿ ಬೇಕಾಗಿರೋದು ಅಷ್ಟೆಲ್ಲಾ ಅಲ್ಲ. ಬಿರುಕು ಬಾಯಿ ತೆರೆಯೋಕೆ ಬಿಡದೆ ಸ್ವಲ್ಪ ಸ್ವಲ್ಪ ನೀರು ಮೇಲಿಂದ ಮೇಲೆ ಕೊಡಿ, ಸಾಲಿನ ನಡುವೆ ಕಣಕಿ, ಹೊಟ್ಟು, ಏನು ಸಿಗುತ್ತೋ ಅದನ್ನ ಹೊದಿಸಿ.

ಮಂಗಳೂರು, ಪಾದೂರಲ್ಲಿ ಬಂಡೆ ಕೊರೆದು ಕಚ್ಚಾ ತೈಲ ತುಂಬಿದ್ದಾರೆ, ಒಳಗೆ ಯಾವ ಲೈನಿಂಗೂ ಇಲ್ಲ ಅಂತ ಕೇಳಿದೆ. ಬಂಡೇಲಿ ಬಿರುಕಿದ್ರೆ ತೈಲ ಹೊರಗೆ ಬರಲ್ವಾ? (ಕಾಪು)

ಕೇಳಲೇಬೇಕಾದ ಪ್ರಶ್ನೆ. ಮಂಗಳೂರಲ್ಲಿ 15 ಲಕ್ಷ ಟನ್, ಪಾದೂರಲ್ಲಿ 25 ಲಕ್ಷ ಟನ್ ಹಿಡಿಯೋ ಗುಹೆಗಳಿವೆ, ದೇಶದ ತುರ್ತು ದಾಸ್ತಾನು ಅದು, ಗುಹೆ ಪೂರ್ತಿಗೆ ಸ್ಟೀಲ್ ಹೊದಿಕೆ ಇಲ್ಲ ಅನ್ನೋದೂ ನಿಜ. ಬಿರುಕಿಲ್ಲದ ಬಂಡೆ ಎಲ್ಲೂ ಇಲ್ಲ. ತೈಲಾನ ತಡೆಯೋದು ಬಿರುಕಲ್ಲಿರೋ ನೀರು. ಗುಹೇನ ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಕೊರೀತಾರೆ, ಅದರ ಮೇಲೆ ಸಣ್ಣ ಸುರಂಗ ಮಾಡಿ ಅಲ್ಲಿಂದ ಸಾಲಾಗಿ ಬೋರ್ ಕೊರೆದು ನೀರು ತುಂಬಿಸಿಟ್ಟಿರ್ತಾರೆ, ಇದಕ್ಕೆ ವಾಟರ್ ಕರ್ಟನ್ ಅಂತಾರೆ. ಸುತ್ತಲಿನ ನೀರಿನ ಒತ್ತಡ ಒಳಗಿನ ತೈಲದ ಒತ್ತಡಕ್ಕಿಂತ ಜಾಸ್ತಿ ಇರೋವರೆಗೆ ಹರಿವು ಹೊರಗಿಂದ ಒಳಕ್ಕೇ. ಒಳಗೆ ಜಿನುಗಿದ ನೀರು ತೈಲಕ್ಕಿಂತ ಭಾರ, ತಳಕ್ಕೆ ಇಳಿಯುತ್ತೆ, ಅದನ್ನ ಪಂಪ್ ಮಾಡಿ ತೆಗೀತಾರೆ.

ಒದ್ದೆ ಬಿರುಕು ತೈಲಾನ ಒಳಗೆ ಬಿಡಲ್ಲ, ಕ್ಯಾಪಿಲರಿ ಬಲವೇ ಸಾಕು ಅಂತ ಕೆಲವರು ಹೇಳೋದುಂಟು, ನಾನು ಅದನ್ನ ಒಪ್ಪಲ್ಲ. ಲೆಕ್ಕ ಹಾಕಿದ್ರೆ 0.1 ಮಿಲಿಮೀಟರ್ ಬಿರುಕಿಗೆ ಆ ತಡೆ ಸುಮಾರು 6 ಸೆಂಟಿಮೀಟರ್ ನೀರಿನ ಒತ್ತಡದಷ್ಟೇ ಬರುತ್ತೆ, ಅದು ಏನೇನೂ ಅಲ್ಲ. ಕಾಯೋದು ಸುತ್ತಲಿನ ನೀರಿನ ಮಟ್ಟ. ಆದ್ರಿಂದ ಆ ಪ್ರದೇಶದಲ್ಲಿ ಅಂತರ್ಜಲ ಮಟ್ಟದ ಮೇಲೆ ಸದಾ ಕಣ್ಣಿಡೋದು ತೈಲದ ಲೆಕ್ಕದಷ್ಟೇ ಮುಖ್ಯ, ಸುತ್ತಲ ಊರಿನವರು ಆ ಅಂಕಿಅಂಶ ಕೇಳೋದು ಪೂರ್ತಿ ನ್ಯಾಯ.

ಮಸ್ಕತ್‌ನಲ್ಲಿ ತೈಲ ಕಂಪನಿಯ ಕೆಲಸದಲ್ಲಿದ್ದೀನಿ. ಹಳೇ ಉತ್ಪಾದನೆ ಡೇಟಾಗೆ ಮಾಡೆಲ್ ಪಕ್ಕಾ ಕೂರಿಸಿದ್ರೂ ಮುಂದಿನ ವರ್ಷಗಳ ಅಂದಾಜು ತಪ್ಪುತ್ತೆ. ಗ್ರಿಡ್ ಇನ್ನೂ ಸಣ್ಣ ಮಾಡ್ಬೇಕಾ?

ಗ್ರಿಡ್ ಸಣ್ಣ ಮಾಡಿ ಬಗೆಹರಿಯೋ ಕಾಯಿಲೆ ಇದಲ್ಲ ಅನ್ಸುತ್ತೆ. ಬಾವೀಲಿ ನೀರು ಬೇಗ ಬಂದಿದ್ದಕ್ಕೆ ಸ್ನಿಗ್ಧತೆ ವ್ಯತ್ಯಾಸ ಕಾರಣ ಇರಬಹುದು, ನಡುವೆ ಒಂದು ಸಲೀಸಾದ ಪದರ ಇರಬಹುದು, ಗುಣಕದ ಗೆರೆ ಬೇರೆ ಇರಬಹುದು, ಮೂರರಲ್ಲಿ ಯಾವುದನ್ನ ತಿದ್ದಿದ್ರೂ ಹಳೇ ಡೇಟಾ ಕೂತ್ಕೊಳುತ್ತೆ, ಆದ್ರೆ ಮುಂದಿನ ವರ್ಷಕ್ಕೆ ಮೂರೂ ಮೂರು ದಾರಿ ಹಿಡೀತವೆ. ಒಂದೇ ಒಂದು ಮಾಡೆಲ್ ಕೂರಿಸಿ ನಂಬೋ ಬದಲು ಡೇಟಾಗೆ ಒಪ್ಪೋ ಹಲವು ಮಾಡೆಲ್ ಇಟ್ಕೊಂಡು ಅವು ಎಲ್ಲಿ ಬೇರೆಯಾಗ್ತವೆ ನೋಡಿ, ಯಾವ ಅಳತೆ ಮಾಡಿಸ್ಬೇಕು ಅಂತ ಅದೇ ಹೇಳುತ್ತೆ. ಬಹಳ ಸಲ ಅದು ಕೋರ್ (ಬಾವಿಯಿಂದ ಕೊರೆದು ತೆಗೆದ ಬಂಡೆಯ ತುಂಡು) ಮೇಲೆ ಮತ್ತೆ ರಿಲೇಟಿವ್ ಪರ್ಮಿಯಬಿಲಿಟಿ ಅಳೆಯೋದೇ ಆಗಿರುತ್ತೆ, ದುಬಾರಿ, ನಿಧಾನ, ಆದ್ರೂ ಬೇರೆ ದಾರಿ ಇಲ್ಲ.

ಸ್ನಿಗ್ಧತೆ ಎಷ್ಟು ದೊಡ್ಡ ವಿಷಯ ಅನ್ನೋಕೆ ರಾಜಸ್ಥಾನದ ಬಾಡ್ಮೇರ್‌ನ ಮಂಗಳಾ ಕ್ಷೇತ್ರ ನೋಡಿ. 2004ರಲ್ಲಿ ಸಿಕ್ಕಿ 2009ರಲ್ಲಿ ಉತ್ಪಾದನೆ ಶುರುವಾದ ಜಾಗ. ನೆಲದೊಳಗೆ ಬಿಸಿ ಇದ್ದಾಗಲೂ ಅಲ್ಲಿನ ಎಣ್ಣೆ ನೀರಿಗಿಂತ ಹತ್ತಾರು ಪಟ್ಟು ಮಂದ. ಮೇಲೆ ಕೊಟ್ಟ 83, 58, 46ರ ಲೆಕ್ಕ ನೆನೆಸ್ಕೊಂಡ್ರೆ ಬರೀ ನೀರು ಹಾಕಿದ್ರೆ ಏನಾಗುತ್ತೆ ಅಂತ ಗೊತ್ತಾಗುತ್ತೆ, ಅದಕ್ಕೇ ಅಲ್ಲಿ ನೀರಿಗೆ ಪಾಲಿಮರ್ ಬೆರೆಸಿ ಅದನ್ನೂ ಮಂದ ಮಾಡಿ ತಳ್ತಾರೆ. ತೆಳು ದ್ರವ ಮಂದ ದ್ರವಾನ ತಳ್ಳೋವಾಗ ಮುಂಚೂಣಿ ನೇರ ಇರದೆ ಬೆರಳು ಬೆರಳಾಗಿ ಒಡೆಯುತ್ತೆ ಅನ್ನೋದನ್ನ ಸ್ಯಾಫ್‌ಮನ್ ಮತ್ತು ಟೇಲರ್ 1958ರಲ್ಲೇ ವಿವರಿಸಿದ್ರು, ಒಂದು ಆಯಾಮದ ಲೆಕ್ಕದಲ್ಲಿ ಆ ಬೆರಳು ಕಾಣೋದೇ ಇಲ್ಲ, ಅಂದ್ರೆ ನಿಜದಲ್ಲಿ 46ಕ್ಕಿಂತಲೂ ಕಡಿಮೆ.

ಕಲಿಯೋಕೆ ದುಡ್ಡು ಕೊಡದೇ ಸಿಗೋ ಸಾಫ್ಟ್‌ವೇರ್ ಯಾವುದಿದೆ? (ಸುರತ್ಕಲ್, ಹುಬ್ಬಳ್ಳಿ, ಇನ್ನೂ ಹಲವರು)

ಮಣ್ಣು ಮತ್ತು ನೀರಿಗೆ ಹೈಡ್ರಸ್ ಒನ್ ಡಿ, ಉಚಿತ, ಒಂದು ಸಂಜೇಲಿ ಕಲೀಬಹುದು. ಎಣ್ಣೆ ನೀರಿನ ಲೆಕ್ಕಕ್ಕೆ ನಾರ್ವೆಯ ಸಿಂಟೆಫ್ ಸಂಸ್ಥೆಯವರ ಎಂಆರ್‌ಎಸ್‌ಟಿ, ಮ್ಯಾಟ್‌ಲ್ಯಾಬ್‌ನಲ್ಲಿ ಓಡುತ್ತೆ, ಕೋಡ್ ತೆರೆದು ಓದೋಕೆ ಇದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. ಲಿನಕ್ಸ್ ಬಳಕೆ ಇದ್ರೆ ಓಪಿಎಂ ಫ್ಲೋ ಹಾಕ್ಕೊಳ್ಳಿ, ಜರ್ಮನಿಯ ಸ್ಟುಟ್‌ಗಾರ್ಟ್‌ನ ಡ್ಯೂಮಕ್ಸ್ ಕೂಡ ಇದೆ ಆದ್ರೆ ಅದಕ್ಕೆ ಸಿ ಪ್ಲಸ್ ಪ್ಲಸ್ ಚೆನ್ನಾಗಿ ಬರಬೇಕು. ಓಪಿಎಂ ಜೊತೆ ನಾರ್ವೆ ಕಡಲಿನ ನಾರ್ನೆ ಅನ್ನೋ ನಿಜವಾದ ತೈಲಕ್ಷೇತ್ರದ ಡೇಟಾನೂ ಸಿಗುತ್ತೆ. ಅದನ್ನ ಒಂದು ಸಲ ಇದ್ದ ಹಾಗೆ ಓಡಿಸಿ, ಆಮೇಲೆ ರಿಲೇಟಿವ್ ಪರ್ಮಿಯಬಿಲಿಟಿ ಟೇಬಲ್ ಮಾತ್ರ ಸ್ವಲ್ಪ ಬದಲಾಯಿಸಿ ಮತ್ತೆ ಓಡಿಸಿ, ಎರಡೂ ಸಲ ಬಾವಿಗಳಿಗೆ ನೀರು ಬಂದ ದಿನ ಪಕ್ಕಪಕ್ಕ ಇಟ್ಟು ನೋಡಿ, ಏನು ಕಂಡಿರಿ ಅಂತ ಮುಂದಿನ ಸಂಚಿಕೆಗೆ ಬರೆದು ಕಳಿಸಿ.